ಪ್ರೋಟೀನ್ ಅಂದರೆ ನಿಜಕ್ಕೂ ಏನು? ಒಲೆಯ ಮೇಲಿಂದ ಹೊಟ್ಟೆಯವರೆಗೆ

ಪ್ರೋಟೀನ್ ಬಗ್ಗೆ ಈಗ ಎಲ್ಲರೂ ಮಾತಾಡುತ್ತಾರೆ. ಮೊದಲು ಜಿಮ್‌ಗೆ ಹೋಗುವವರು ಮಾತ್ರ ಕೇಳುತ್ತಿದ್ದ ಪ್ರಶ್ನೆಗಳನ್ನು ಈಗ ವಯಸ್ಸಾದವರೂ ಡಾಕ್ಟರ ಹತ್ತಿರ ಕೇಳುತ್ತಾರೆ. ಬೇಯಿಸಿದರೆ ಪ್ರೋಟೀನ್ ಹಾಳಾಗುತ್ತದಾ? ಹಸಿ ಮೊಟ್ಟೆಯಲ್ಲಿ ಶಕ್ತಿ ಜಾಸ್ತಿನಾ? ಬರೀ ಕಾಳು, ಧಾನ್ಯ ತಿಂದರೆ ಸಾಲದಾ? ಕೊಲಾಜೆನ್ ಪುಡಿ ಕುಡಿದರೆ ಚರ್ಮ ಬಿಗಿಯಾಗುತ್ತದಾ?

ಒಂದೊಂದು ಪ್ರಶ್ನೆಯೂ ಬೇರೆ ಬೇರೆ ಅನ್ನಿಸುತ್ತದೆ, ಅಲ್ವಾ? ಆದರೆ ಎಲ್ಲದಕ್ಕೂ ಉತ್ತರ ಸಿಗುವುದು ಒಂದೇ ಕಡೆ: ಪ್ರೋಟೀನಿನ ಆಕಾರದಲ್ಲಿ. ಎಷ್ಟು ಗ್ರಾಂ ಬೇಕು ಅನ್ನುವ ಲೆಕ್ಕಕ್ಕೆ ಆಮೇಲೆ ಬರೋಣ. ಆಕಾರದ ವಿಷಯ ಗೊತ್ತಾದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಕೊಂಡಿಗಳು, ಸರಪಳಿ, ಮಡಿಕೆ

ಪ್ರೋಟೀನ್ ಅನ್ನುವುದು ಒಂದು ಉದ್ದನೆಯ ಸರಪಳಿ. ಅದರ ಒಂದೊಂದು ಕೊಂಡಿಯನ್ನು ಅಮೈನೋ ಆಮ್ಲ ಅನ್ನುತ್ತಾರೆ. ನಮ್ಮ ದೇಹ ಪ್ರೋಟೀನ್ ಕಟ್ಟಲು ಬಳಸುವುದು ಮುಖ್ಯವಾಗಿ 20 ಬಗೆಯ ಅಮೈನೋ ಆಮ್ಲಗಳನ್ನು. ಈ ಇಪ್ಪತ್ತನ್ನೇ ಬೇರೆ ಬೇರೆ ಕ್ರಮದಲ್ಲಿ, ಬೇರೆ ಬೇರೆ ಉದ್ದಕ್ಕೆ ಜೋಡಿಸಿದರೆ ಕೂದಲಿನ ಕೆರಾಟಿನ್ ಆಗುತ್ತದೆ, ರಕ್ತದ ಹಿಮೋಗ್ಲೋಬಿನ್ ಆಗುತ್ತದೆ, ಸಕ್ಕರೆ ಮಟ್ಟ ನೋಡಿಕೊಳ್ಳುವ ಇನ್ಸುಲಿನ್ ಆಗುತ್ತದೆ. ಇನ್ಸುಲಿನ್‌ನಲ್ಲಿ ಇರುವುದು ಬರೀ 51 ಕೊಂಡಿ. ಸ್ನಾಯುವಿನಲ್ಲಿರುವ ಟೈಟಿನ್ ಅನ್ನುವ ಪ್ರೋಟೀನಿನಲ್ಲಿ 30,000ಕ್ಕೂ ಜಾಸ್ತಿ.

ಸರಪಳಿ ನೆಟ್ಟಗೆ ಚಾಚಿಕೊಂಡು ಇರುವುದಿಲ್ಲ. ಅದರ ಕೆಲವು ಕೊಂಡಿಗಳಿಗೆ ನೀರು ಇಷ್ಟ, ಕೆಲವಕ್ಕೆ ನೀರು ಆಗದು. ಕೆಲವು ಒಂದನ್ನೊಂದು ಎಳೆಯುತ್ತವೆ, ಕೆಲವು ದೂರ ತಳ್ಳುತ್ತವೆ. ಈ ಎಳೆದಾಟದಲ್ಲಿ ಸರಪಳಿ ತನ್ನ ಮೇಲೆ ತಾನೇ ಮಡಚಿಕೊಂಡು ಒಂದು ನಿಶ್ಚಿತ ಆಕಾರಕ್ಕೆ ಬರುತ್ತದೆ. ನೀರು ಆಗದ ಕೊಂಡಿಗಳು ಒಳಗೆ ಸೇರಿಕೊಳ್ಳುತ್ತವೆ, ನೀರು ಬೇಕಾದವು ಹೊರಗೆ ಉಳಿಯುತ್ತವೆ.

ಪ್ರೋಟೀನ್ ಮಾಡುವ ಕೆಲಸವೆಲ್ಲ ಈ ಆಕಾರದ ಮೇಲೆ ನಿಂತಿದೆ. ಹಿಮೋಗ್ಲೋಬಿನ್ ಆಮ್ಲಜನಕ ಹಿಡಿಯುವುದು ಅದರ ಮಡಿಕೆಯ ನಡುವೆ ಅದಕ್ಕೆ ತಕ್ಕ ಜಾಗ ಇರುವುದರಿಂದ. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯಲ್ಲಿ 146 ಕೊಂಡಿಗಳಿವೆ. ಅದರ ಆರನೆಯ ಕೊಂಡಿಯಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಬಂದರೆ ಆ ಹಿಮೋಗ್ಲೋಬಿನ್‌ಗಳು ಒಂದಕ್ಕೊಂದು ಅಂಟಿಕೊಂಡು ಕಡ್ಡಿಗಳಾಗುತ್ತವೆ. ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತದೆ. ಸಿಕಲ್ ಸೆಲ್ ಕಾಯಿಲೆ ಅಂದರೆ ಇದೇ. ಒಂದೇ ಒಂದು ಕೊಂಡಿಯ ವ್ಯತ್ಯಾಸ ಒಬ್ಬರ ಇಡೀ ಬದುಕನ್ನು ನೋವಿಗೆ ದೂಡಬಲ್ಲದು.

ಈ ಆಕಾರಗಳನ್ನು ಕಂಡುಹಿಡಿಯಲು ವಿಜ್ಞಾನಿಗಳು ದಶಕಗಳನ್ನೇ ಕೊಟ್ಟಿದ್ದಾರೆ. ಚರ್ಮ, ಮೂಳೆಗಳಲ್ಲಿರುವ ಕೊಲಾಜೆನ್‌ನಲ್ಲಿ ಮೂರು ಸರಪಳಿಗಳು ಹುರಿಗೊಂಡಿರುತ್ತವೆ ಎಂದು 1950ರ ದಶಕದಲ್ಲಿ ತೋರಿಸಿಕೊಟ್ಟವರು ಮದ್ರಾಸಿನಲ್ಲಿದ್ದ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ಈಗ ಕೊಂಡಿಗಳ ಕ್ರಮ ಕೊಟ್ಟರೆ ಆಕಾರವನ್ನು ಕಂಪ್ಯೂಟರ್ ಊಹಿಸುತ್ತದೆ. 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಸಂದದ್ದು ಇದೇ ಕೆಲಸಕ್ಕೆ, ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ. ಉಳಿದರ್ಧ ಹೊಸ ಪ್ರೋಟೀನ್‌ಗಳನ್ನು ವಿನ್ಯಾಸ ಮಾಡಿದ ಡೇವಿಡ್ ಬೇಕರ್ ಅವರಿಗೆ.

ಮೊಟ್ಟೆ ಗಟ್ಟಿಯಾಗುವಾಗ ಏನಾಗುತ್ತದೆ

ಪ್ರೋಟೀನಿನ ಆಕಾರ ಬದಲಾಗುವುದನ್ನು ಕಣ್ಣಾರೆ ನೋಡಬೇಕು ಅಂದರೆ ಮೊಟ್ಟೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಮೊಟ್ಟೆಯ ಬಿಳಿ ಭಾಗದಲ್ಲಿ ಸುಮಾರು ಶೇ. 88ರಷ್ಟು ನೀರು, ಶೇ. 10ರಷ್ಟು ಪ್ರೋಟೀನ್. ಇಷ್ಟು ನೀರಿರುವ ವಸ್ತು ಬಿಸಿಯಾದರೆ ಇನ್ನೂ ತೆಳ್ಳಗಾಗಬೇಕಿತ್ತು. ಅದು ಗಟ್ಟಿಯಾಗುತ್ತದೆ. ಯಾಕೆ?

ನೂಲಿನ ಉಂಡೆಗಳನ್ನು ನೆನೆಸಿಕೊಳ್ಳಿ. ನೀಟಾಗಿ ಸುತ್ತಿಟ್ಟ ನೂರಾರು ಉಂಡೆಗಳು ಒಂದು ಡಬ್ಬಿಯಲ್ಲಿವೆ. ಅಲ್ಲಾಡಿಸಿದರೆ ಒಂದರ ಪಕ್ಕ ಒಂದು ಉರುಳಾಡುತ್ತವೆ. ಈಗ ಎಲ್ಲದರ ನೂಲನ್ನೂ ಒಂದಿಷ್ಟು ಬಿಚ್ಚಿ ಬಿಡಿ. ಒಂದರ ಎಳೆ ಇನ್ನೊಂದಕ್ಕೆ ಸಿಕ್ಕಿಕೊಂಡು ಎಲ್ಲ ಒಂದೇ ಗಂಟಾಗುತ್ತದೆ. ಮೊಟ್ಟೆಯಲ್ಲಿ ನಡೆಯುವುದೂ ಅದೇ. ಹಸಿ ಮೊಟ್ಟೆಯ ಪ್ರೋಟೀನ್‌ಗಳು ಉಂಡೆಯಾಗಿ ನೀರಿನಲ್ಲಿ ಬಿಡಿಬಿಡಿಯಾಗಿ ತೇಲುತ್ತಿರುತ್ತವೆ. ಬಿಸಿ ತಾಗಿದಾಗ ಸರಪಳಿಗಳು ಅಲುಗಾಡಿ ಮಡಿಕೆ ಬಿಚ್ಚುತ್ತದೆ. ಒಳಗೆ ಅಡಗಿದ್ದ, ನೀರು ಆಗದ ಕೊಂಡಿಗಳು ಹೊರಗೆ ಬೀಳುತ್ತವೆ. ಅವು ನೀರಿನಿಂದ ತಪ್ಪಿಸಿಕೊಳ್ಳಲು ಪಕ್ಕದ ಸರಪಳಿಯನ್ನು ಹಿಡಿದುಕೊಳ್ಳುತ್ತವೆ. ಹೀಗೆ ಒಂದು ಬಲೆ ಆಗುತ್ತದೆ, ನೀರು ಆ ಬಲೆಯೊಳಗೆ ಸಿಕ್ಕಿಬೀಳುತ್ತದೆ. ನೀರು ಎಲ್ಲಿಗೂ ಹೋಗಿಲ್ಲ, ಹರಿಯಲು ಆಗುತ್ತಿಲ್ಲ ಅಷ್ಟೆ. ಬಣ್ಣ ಬಿಳಿಯಾಗುವುದಕ್ಕೂ ಇದೇ ಕಾರಣ. ಚಿಕ್ಕ ಉಂಡೆಗಳ ನಡುವೆ ಬೆಳಕು ಸಲೀಸಾಗಿ ದಾಟುತ್ತಿತ್ತು. ದೊಡ್ಡ ಗಂಟುಗಳಿಗೆ ತಾಗಿದಾಗ ಚೆದುರುತ್ತದೆ.

ಮಡಿಕೆ ಬಿಚ್ಚುವ ಬಿಸಿ ಒಂದೊಂದು ಪ್ರೋಟೀನಿಗೆ ಒಂದೊಂದು. ಬಿಳಿ ಭಾಗದಲ್ಲಿರುವ ಓವೋಟ್ರಾನ್ಸ್‌ಫೆರಿನ್ ಸುಮಾರು 62 ಡಿಗ್ರಿ ಸೆಲ್ಸಿಯಸ್‌ಗೇ ಬಿಚ್ಚಲು ಶುರುವಾಗುತ್ತದೆ. ಅಲ್ಲಿ ಅತಿ ಹೆಚ್ಚು ಇರುವ ಓವಾಲ್ಬ್ಯುಮಿನ್‌ಗೆ 80 ಡಿಗ್ರಿ ಆಸುಪಾಸು ಬೇಕು. ಹಳದಿ ಭಾಗ 65ರಲ್ಲಿ ಮಂದವಾಗಿ 70ರ ಹೊತ್ತಿಗೆ ಗಟ್ಟಿಯಾಗುತ್ತದೆ. ಹಾಗಾಗಿ 65 ಡಿಗ್ರಿಯ ನೀರಿನಲ್ಲಿ ಬಹಳ ಹೊತ್ತು ಇಟ್ಟ ಮೊಟ್ಟೆಯಲ್ಲಿ ಹಳದಿ ದಪ್ಪಗೆ ಇರುತ್ತದೆ, ಬಿಳಿ ಇನ್ನೂ ಅಲ್ಲಾಡುತ್ತಿರುತ್ತದೆ. ಕುದಿಯುವ ನೀರಿಗೆ ಹಾಕಿ ಬೇಗ ತೆಗೆದರೆ ಇದರ ತಲೆಕೆಳಗು: ಬಿಸಿ ಮೊದಲು ಮುಟ್ಟುವುದು ಬಿಳಿಗೆ, ಅದು ಗಟ್ಟಿ, ಒಳಗಿನ ಹಳದಿ ಇನ್ನೂ ಹರಿಯುತ್ತದೆ.

ಜಾಸ್ತಿ ಬೇಯಿಸಿದರೆ? ಬಲೆ ಬಿಗಿಯುತ್ತಲೇ ಹೋಗಿ ಹಿಡಿದಿಟ್ಟ ನೀರನ್ನು ಹಿಂಡಿ ಹೊರಹಾಕುತ್ತದೆ. ಮೊಟ್ಟೆ ರಬ್ಬರ್ ಆಗುತ್ತದೆ. ಹಳದಿಯ ಸುತ್ತ ಹಸಿರು ಮಿಶ್ರಿತ ಬೂದು ಗೆರೆಯೊಂದು ಕಾಣುತ್ತದಲ್ಲ, ಅದು ಬಿಳಿ ಭಾಗದ ಪ್ರೋಟೀನಿನಿಂದ ಹೊರಬಿದ್ದ ಗಂಧಕ ಹಳದಿಯಲ್ಲಿರುವ ಕಬ್ಬಿಣದ ಜೊತೆ ಸೇರಿದ್ದರ ಗುರುತು. ತಿಂದರೆ ತೊಂದರೆಯೇನೂ ಇಲ್ಲ.

ಬಿಸಿ ಇಲ್ಲದೆಯೂ ಮಡಿಕೆ ಬಿಚ್ಚಿಸಬಹುದು. ಬಿಳಿ ಭಾಗವನ್ನು ಜೋರಾಗಿ ಕಡೆದರೆ ನೊರೆ ಬರುತ್ತದೆ. ಗಾಳಿಯ ಗುಳ್ಳೆಯ ಅಂಚಿನಲ್ಲಿ ಸರಪಳಿ ಬಿಚ್ಚಿ, ನೀರು ಆಗದ ಭಾಗವನ್ನು ಗಾಳಿಯ ಕಡೆ ತಿರುಗಿಸಿ, ಗುಳ್ಳೆಗೆ ಗೋಡೆ ಕಟ್ಟುತ್ತದೆ. ಚೂರು ಹಳದಿ ಬಿದ್ದರೂ ನೊರೆ ಸರಿಯಾಗಿ ಏಳುವುದಿಲ್ಲ. ಹಳದಿಯಲ್ಲಿರುವ ಕೊಬ್ಬು ಗುಳ್ಳೆಯ ಅಂಚಿನ ಜಾಗಕ್ಕೆ ಪೈಪೋಟಿಗೆ ಬರುತ್ತದೆ.

ಹಾಲು ಕುದಿಸಿದರೆ ಒಡೆಯದು, ಹುಳಿಯಾದರೆ ಒಡೆಯುತ್ತದೆ

ಹಾಗಿದ್ದರೆ ಕುದಿಸಿದ ಹಾಲು ಯಾಕೆ ಮೊಟ್ಟೆಯ ಹಾಗೆ ಗಟ್ಟಿಯಾಗುವುದಿಲ್ಲ? ಇದು ನನಗೆ ತುಂಬಾ ಇಷ್ಟವಾದ ಪ್ರಶ್ನೆ. ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇ. 80ರಷ್ಟು ಕೇಸಿನ್, ಉಳಿದದ್ದು ವೇ ಪ್ರೋಟೀನ್. ಕೇಸಿನ್‌ಗೆ ಬಿಗಿಯಾದ ಮಡಿಕೆಯೇ ಇಲ್ಲ, ಮೊದಲೇ ಸಡಿಲ. ಬಿಸಿಗೆ ಬಿಚ್ಚಲು ಅಲ್ಲಿ ಏನೂ ಉಳಿದಿರುವುದಿಲ್ಲ. ಸಾವಿರಾರು ಕೇಸಿನ್‌ಗಳು ಕ್ಯಾಲ್ಸಿಯಂ ಜೊತೆ ಸೇರಿ ಪುಟ್ಟ ಕಣಗಳಾಗಿ ಹಾಲಿನಲ್ಲಿ ತೇಲುತ್ತವೆ. ಈ ಕಣಗಳ ಮೇಲ್ಮೈಯಲ್ಲಿ ಋಣ ವಿದ್ಯುದಂಶ ಇರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ. ಹಾಲು ಹಾಲಾಗಿ ಉಳಿಯುವುದು ಈ ತಳ್ಳಾಟದಿಂದ.

ಹುಳಿ ಬಂದರೆ ಈ ತಳ್ಳಾಟ ನಿಲ್ಲುತ್ತದೆ. ತಾಜಾ ಹಾಲಿನ ಪಿಎಚ್ ಸುಮಾರು 6.7. ಪಿಎಚ್ ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಅದು 4.6ರ ಹತ್ತಿರ ಬಂದಾಗ ಕಣಗಳ ವಿದ್ಯುದಂಶ ಕಳೆದುಹೋಗಿ ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬ್ಯಾಕ್ಟೀರಿಯಾ ನಿಧಾನವಾಗಿ ಹುಳಿ ಮಾಡಿದರೆ ನುಣುಪಾದ ಮೊಸರು. ಬಿಸಿ ಹಾಲಿಗೆ ಒಮ್ಮೆಲೇ ನಿಂಬೆರಸ ಹಿಂಡಿದರೆ ಗಂಟುಗಂಟು. ಹಳೆಯ ಹಾಲು ಪಾತ್ರೆಯಲ್ಲಿ ಚೆನ್ನಾಗಿಯೇ ಕಂಡು ಒಲೆಗೆ ಇಟ್ಟ ತಕ್ಷಣ ಒಡೆಯುವುದೂ ಇದಕ್ಕೇ. ಹುಳಿ ಅರ್ಧ ಕೆಲಸ ಮುಗಿಸಿರುತ್ತದೆ, ಉಳಿದದ್ದನ್ನು ಬಿಸಿ ಮುಗಿಸುತ್ತದೆ.

ವೇ ಪ್ರೋಟೀನ್‌ಗೆ ಮಾತ್ರ ಬಿಸಿ ತಾಗುತ್ತದೆ. ಸುಮಾರು 70 ಡಿಗ್ರಿ ದಾಟಿದ ಮೇಲೆ ಅದರ ಮಡಿಕೆ ಬಿಚ್ಚಿ ಅದು ಕೇಸಿನ್ ಕಣಗಳಿಗೆ ಅಂಟಿಕೊಳ್ಳುತ್ತದೆ. ಚೆನ್ನಾಗಿ ಕಾಯಿಸಿದ ಹಾಲಿನ ಮೊಸರು ಗಟ್ಟಿಯಾಗಿ, ನೀರು ಬಿಡದೆ ಕೂರುವುದಕ್ಕೆ ಇದೇ ಕಾರಣ. ಡಬ್ಬಿಗಳಲ್ಲಿ ಬರುವ ವೇ ಪುಡಿಯೂ ಇದೇ ಪ್ರೋಟೀನ್. ಚೀಸ್ ಮಾಡುವಾಗ ಉಳಿಯುವ ನೀರನ್ನು ಸೋಸಿ ಒಣಗಿಸಿದರೆ ಅದು ಸಿಗುತ್ತದೆ.

ಮಾಂಸ ಮತ್ತು ಹಿಟ್ಟು

ಮಾಂಸದಲ್ಲಿ ಎರಡು ಬಗೆಯ ಪ್ರೋಟೀನ್‌ಗಳು ಒಂದಕ್ಕೊಂದು ಎದುರಾಗಿ ನಡೆದುಕೊಳ್ಳುತ್ತವೆ. ಸ್ನಾಯುವಿನ ಎಳೆಗಳು 50 ಡಿಗ್ರಿಯಿಂದಲೇ ಗಟ್ಟಿಯಾಗಲು ಶುರುವಾಗಿ, ಬಿಸಿ ಏರಿದಷ್ಟೂ ನೀರು ಕಳೆದುಕೊಂಡು ಒಣಗುತ್ತವೆ. ಆ ಎಳೆಗಳನ್ನು ಕಟ್ಟಿ ಹಿಡಿದಿರುವ ಕೊಲಾಜೆನ್ ಮೊದಲು ಕುಗ್ಗುತ್ತದೆ. ಆಮೇಲೆ 70 ಡಿಗ್ರಿಗಿಂತ ಮೇಲೆ ಗಂಟೆಗಟ್ಟಲೆ ಇಟ್ಟರೆ ಹುರಿ ಬಿಚ್ಚಿ ಮೆತ್ತನೆಯ ಜೆಲಟಿನ್ ಆಗುತ್ತದೆ. ಜಾಸ್ತಿ ಓಡಾಡುವ ಕಾಲಿನಂಥ ಭಾಗದಲ್ಲಿ ಕೊಲಾಜೆನ್ ಜಾಸ್ತಿ, ಅದನ್ನು ನಿಧಾನವಾಗಿ ಬೇಯಿಸಬೇಕು. ಮೀನಿನ ಕೊಲಾಜೆನ್ ಕಡಿಮೆ ಬಿಸಿಗೇ ಕರಗುತ್ತದೆ, ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ.

ಗೋಧಿ ಹಿಟ್ಟಿನಲ್ಲಿ ಗ್ಲುಟೆನಿನ್ ಮತ್ತು ಗ್ಲೈಡಿನ್ ಅನ್ನುವ ಪ್ರೋಟೀನ್‌ಗಳಿವೆ. ನೀರು ಹಾಕಿ ನಾದಿದಾಗ ಎರಡೂ ಸೇರಿ ಗ್ಲುಟೆನ್ ಅನ್ನುವ ಎಳೆದರೆ ಹಿಗ್ಗುವ ಬಲೆ ಆಗುತ್ತದೆ. ಅಕ್ಕಿ, ಜೋಳಗಳಲ್ಲಿ ಇದಿಲ್ಲ, ಅದಕ್ಕೇ ಅವುಗಳ ಹಿಟ್ಟು ಹಾಗೆ ಹಿಗ್ಗುವುದಿಲ್ಲ. ಕೆಲವರ ದೇಹ ಗ್ಲೈಡಿನ್ ತುಣುಕುಗಳನ್ನು ಶತ್ರು ಎಂದು ತಿಳಿದು ತನ್ನ ಕರುಳನ್ನೇ ಗಾಯ ಮಾಡಿಕೊಳ್ಳುತ್ತದೆ. ಅದು ಸೀಲಿಯಾಕ್ ಕಾಯಿಲೆ. ಅದಿಲ್ಲದವರು ಗ್ಲುಟೆನ್‌ಗೆ ಸುಮ್ನೆ ಹೆದರಬೇಕಿಲ್ಲ.

ಬೇಯಿಸಿದರೆ ಪ್ರೋಟೀನ್ ಹಾಳಾಗುತ್ತದಾ?

ಇಲ್ಲ. ಬೇಯಿಸಿದಾಗ ಹೋಗುವುದು ಮಡಿಕೆ ಮಾತ್ರ. ಕೊಂಡಿಗಳು ಹಾಗೇ ಇರುತ್ತವೆ, ದೇಹಕ್ಕೆ ಬೇಕಾಗಿರುವುದೂ ಆ ಕೊಂಡಿಗಳೇ. ಮಡಿಕೆ ಬಿಚ್ಚಿದ ಸರಪಳಿಯನ್ನು ಕತ್ತರಿಸುವುದು ಹೊಟ್ಟೆಗೂ ಸುಲಭ. 1998ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಬೆಲ್ಜಿಯಂನ ಸಂಶೋಧಕರು ಇದನ್ನು ಅಳೆದು ನೋಡಿದರು. ಬೇಯಿಸಿದ ಮೊಟ್ಟೆಯ ಪ್ರೋಟೀನಿನಲ್ಲಿ ಸುಮಾರು ಶೇ. 91 ಜೀರ್ಣವಾಯಿತು, ಹಸಿ ಮೊಟ್ಟೆಯದರಲ್ಲಿ ಸುಮಾರು ಶೇ. 51. ಹಸಿ ಮೊಟ್ಟೆಯಲ್ಲಿ ಶಕ್ತಿ ಜಾಸ್ತಿ ಅನ್ನುವ ಮಾತಿಗೆ ಇದು ನೇರ ಉತ್ತರ. ಸಾಲ್ಮೊನೆಲ್ಲಾ ಸೋಂಕಿನ ಭಯ ಬೇರೆ.

ಕಾಳುಗಳಿಗಂತೂ ಬೇಯುವುದು ಕಡ್ಡಾಯ. ಸೋಯಾ ಮುಂತಾದ ಹಸಿ ಕಾಳುಗಳಲ್ಲಿ ನಮ್ಮ ಜೀರ್ಣರಸವನ್ನು ತಡೆಯುವ ಪ್ರೋಟೀನ್‌ಗಳಿರುತ್ತವೆ. ಹಸಿ ರಾಜ್ಮಾದಲ್ಲಿರುವ ಲೆಕ್ಟಿನ್ ವಾಂತಿ, ಭೇದಿ ತರುವಷ್ಟು ಜೋರು. ಅವೂ ಪ್ರೋಟೀನ್‌ಗಳೇ ಆದ್ದರಿಂದ ಚೆನ್ನಾಗಿ ಕುದಿಸಿದರೆ ಮಡಿಕೆ ಬಿಚ್ಚಿ ನಿಷ್ಕ್ರಿಯವಾಗುತ್ತವೆ. ರಾಜ್ಮಾವನ್ನು ಕುದಿ ಬರಿಸದೆ, ಸಣ್ಣ ಬಿಸಿಯಲ್ಲಿ ಮಾತ್ರ ಬಹಳ ಹೊತ್ತು ಇಡುವುದು ಅಪಾಯ. ಆ ಬಿಸಿ ಲೆಕ್ಟಿನ್‌ಗೆ ಸಾಲದು.

ಬೇಯಿಸುವುದರಿಂದ ನಿಜವಾದ ನಷ್ಟ ಆಗುವ ಜಾಗವೂ ಒಂದಿದೆ. ತುಂಬಾ ಬಿಸಿಯಲ್ಲಿ, ಮುಖ್ಯವಾಗಿ 140 ಡಿಗ್ರಿ ದಾಟಿದ ಮೇಲೆ, ಅಮೈನೋ ಆಮ್ಲಗಳು ಸಕ್ಕರೆಯ ಜೊತೆ ಸೇರಿ ಕಂದು ಬಣ್ಣ ಮತ್ತು ಹುರಿದ ಘಮ ಕೊಡುತ್ತವೆ. ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್ 1912ರಲ್ಲಿ ವಿವರಿಸಿದ ಈ ಕ್ರಿಯೆಗೆ ಅವರದೇ ಹೆಸರಿದೆ. ತೆರೆದ ಪಾತ್ರೆಯಲ್ಲಿ ನೀರು ಇರುವವರೆಗೆ ಬಿಸಿ 100 ಡಿಗ್ರಿ ದಾಟದು, ಹಾಗಾಗಿ ಬೇಯಿಸಿದ್ದು ಹುರಿದದ್ದರ ಹಾಗೆ ಘಮಘಮಿಸುವುದಿಲ್ಲ. ಈ ಕ್ರಿಯೆಯಲ್ಲಿ ಲೈಸಿನ್ ಅನ್ನುವ ಅಮೈನೋ ಆಮ್ಲ ಒಂದಿಷ್ಟು ಕಳೆದುಹೋಗುತ್ತದೆ. ಹದವಾಗಿ ಹುರಿದರೆ ಚಿಂತೆಯಿಲ್ಲ, ಸೀದು ಕಪ್ಪಾದರೆ ನಷ್ಟ ಜಾಸ್ತಿ.

ಹೊಟ್ಟೆಗೆ ಹೋದ ಮೇಲೆ

ಜಠರದ ಆಮ್ಲ ಮೊದಲು ಉಳಿದ ಮಡಿಕೆಗಳನ್ನು ಬಿಚ್ಚುತ್ತದೆ. ಪೆಪ್ಸಿನ್ ಅನ್ನುವ ಕಿಣ್ವ, ಅಂದರೆ ಎಂಜೈಮ್, ಸರಪಳಿಯನ್ನು ದೊಡ್ಡ ತುಂಡು ಮಾಡುತ್ತದೆ. ಸಣ್ಣ ಕರುಳಿನಲ್ಲಿ ಟ್ರಿಪ್ಸಿನ್ ಮುಂತಾದ ಕಿಣ್ವಗಳು ಇನ್ನೂ ಚಿಕ್ಕದಾಗಿ ಕತ್ತರಿಸುತ್ತವೆ. ಕರುಳು ಒಳಗೆ ಬಿಟ್ಟುಕೊಳ್ಳುವುದು ಬಿಡಿ ಕೊಂಡಿಗಳನ್ನು, ಹೆಚ್ಚೆಂದರೆ ಎರಡು ಮೂರು ಕೊಂಡಿಯ ತುಣುಕುಗಳನ್ನು. ತಿಂದ ಪ್ರೋಟೀನ್ ಯಾವುದಾಗಿತ್ತು ಅನ್ನುವ ಗುರುತು ಬಹುಮಟ್ಟಿಗೆ ಅಲ್ಲೇ ಅಳಿಸಿಹೋಗುತ್ತದೆ.

ಇನ್ಸುಲಿನ್ ಅನ್ನು ಮಾತ್ರೆಯಾಗಿ ನುಂಗದೆ ಚುಚ್ಚಿಸಿಕೊಳ್ಳುವುದು ಇದಕ್ಕೇ. ನುಂಗಿದರೆ ಅದೂ ಆಹಾರದ ಹಾಗೆ ಜೀರ್ಣವಾಗಿಬಿಡುತ್ತದೆ. ಕೊಲಾಜೆನ್ ಪುಡಿಯ ಗತಿಯೂ ಅಷ್ಟೆ. ಅದು ಕೊಲಾಜೆನ್ ಆಗಿಯೇ ಹೋಗಿ ಚರ್ಮದಲ್ಲಿ ಕೂರುವುದಿಲ್ಲ. ಚರ್ಮದ ಕೊಲಾಜೆನ್ ಅನ್ನು ದೇಹ ತಾನೇ ಹೊಸದಾಗಿ ಕಟ್ಟುತ್ತದೆ. ಅದಕ್ಕೆ ಅಮೈನೋ ಆಮ್ಲಗಳ ಜೊತೆ ವಿಟಮಿನ್ ಸಿ ಬೇಕೇ ಬೇಕು. ವಿಟಮಿನ್ ಸಿ ಸಿಗದ ನಾವಿಕರಿಗೆ ಸ್ಕರ್ವಿ ಬಂದು ವಸಡಿನಲ್ಲಿ ರಕ್ತ ಒಸರುತ್ತಿದ್ದುದು ಕೊಲಾಜೆನ್ ಸರಿಯಾಗಿ ಕಟ್ಟಿಕೊಳ್ಳದೆ.

ದೇಹ ಪ್ರೋಟೀನನ್ನು ದಿನವೂ ಒಡೆದು ಕಟ್ಟುತ್ತಲೇ ಇರುತ್ತದೆ. ವಯಸ್ಕರಲ್ಲಿ ದಿನಕ್ಕೆ ಸುಮಾರು 250ರಿಂದ 300 ಗ್ರಾಂ. ನಾವು ತಿನ್ನುವುದಕ್ಕಿಂತ ಇದು ಎಷ್ಟೋ ಜಾಸ್ತಿ. ಹಳೆಯ ಕೊಂಡಿಗಳನ್ನೇ ದೇಹ ಮತ್ತೆ ಮತ್ತೆ ಬಳಸುತ್ತದೆ, ಸೋರಿ ಹೋದಷ್ಟನ್ನು ಊಟದಿಂದ ತುಂಬಿಕೊಳ್ಳುತ್ತದೆ. ಕೊಬ್ಬಿಗೆ ಇರುವಂಥ ಉಗ್ರಾಣ ಪ್ರೋಟೀನಿಗೆ ಇಲ್ಲ. ಊಟದಲ್ಲಿ ಸಿಗದಿದ್ದರೆ ದೇಹ ಸ್ನಾಯುವನ್ನೇ ಒಡೆಯುತ್ತದೆ. ಹೆಚ್ಚಾದರೆ ಅಮೈನೋ ಆಮ್ಲದಿಂದ ಸಾರಜನಕವನ್ನು ಬೇರೆ ಮಾಡಿ, ಯಕೃತ್ತಿನಲ್ಲಿ ಯೂರಿಯಾ ಆಗಿಸಿ, ಮೂತ್ರದಲ್ಲಿ ಕಳಿಸುತ್ತದೆ. ಉಳಿದದ್ದನ್ನು ಉರಿಸುತ್ತದೆ, ಇಲ್ಲವೇ ಕೊಬ್ಬಾಗಿಸುತ್ತದೆ.

ಒಂಬತ್ತರ ಲೆಕ್ಕ

ಇಪ್ಪತ್ತರಲ್ಲಿ 9 ಅಮೈನೋ ಆಮ್ಲಗಳನ್ನು ನಮ್ಮ ದೇಹ ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು. ಮೊಟ್ಟೆ, ಹಾಲು, ಮಾಂಸ, ಮೀನುಗಳಲ್ಲಿ ಒಂಬತ್ತೂ ಬೇಕಾದ ಪ್ರಮಾಣದಲ್ಲಿವೆ. ಸೋಯಾ ಕೂಡ ಅದಕ್ಕೆ ಹತ್ತಿರ.

ಉಳಿದ ಸಸ್ಯಾಹಾರವನ್ನು ‘ಅಪೂರ್ಣ’ ಎಂದು ಕರೆಯುವುದು ತಪ್ಪು ತಿಳಿವಳಿಕೆಗೆ ದಾರಿ. ಧಾನ್ಯಗಳಲ್ಲಿ ಲೈಸಿನ್ ಇಲ್ಲವೆಂದಲ್ಲ, ಕಡಿಮೆ ಇದೆ. ಕಾಳುಗಳಲ್ಲಿ ಲೈಸಿನ್ ಧಾರಾಳ, ಆದರೆ ಮೆಥಿಯೊನಿನ್ ಕಡಿಮೆ. ಎರಡನ್ನೂ ತಿಂದರೆ ಒಂದರ ಕೊರತೆ ಇನ್ನೊಂದು ತುಂಬುತ್ತದೆ. ಒಂದೇ ತಟ್ಟೆಯಲ್ಲಿ ಇರಲೇಬೇಕು ಅಂತೇನಿಲ್ಲ, ಆ ದಿನದೊಳಗೆ ಸಿಕ್ಕರೆ ಸಾಕು. ನಿಜಕ್ಕೂ ಅಪೂರ್ಣವಾದದ್ದು ಬೇಕಿದ್ದರೆ ಪ್ರಾಣಿಗಳಿಂದಲೇ ಬರುವ ಜೆಲಟಿನ್ ನೋಡಿ, ಅದರಲ್ಲಿ ಟ್ರಿಪ್ಟೊಫಾನ್ ಇಲ್ಲವೇ ಇಲ್ಲ.

ಪೊಟ್ಟಣದ ಮೇಲಿನ ಅಂಕಿ ಎಲ್ಲಿಂದ ಬರುತ್ತದೆ

ಆಹಾರದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಸಾಮಾನ್ಯವಾಗಿ ನೇರವಾಗಿ ಅಳೆಯುವುದಿಲ್ಲ. ಅಳೆಯುವುದು ಸಾರಜನಕವನ್ನು. ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ 1883ರಲ್ಲಿ ಇದಕ್ಕೊಂದು ವಿಧಾನ ಕಂಡುಕೊಂಡರು. ಪ್ರೋಟೀನಿನ ತೂಕದಲ್ಲಿ ಸುಮಾರು ಶೇ. 16 ಸಾರಜನಕ ಇರುವುದರಿಂದ ಸಿಕ್ಕ ಅಂಕಿಯನ್ನು 6.25ರಿಂದ ಗುಣಿಸುತ್ತಾರೆ.

ಆ ಸಾರಜನಕ ಪ್ರೋಟೀನಿನದೋ ಬೇರೆ ವಸ್ತುವಿನದೋ ಎಂದು ಈ ಪರೀಕ್ಷೆಗೆ ತಿಳಿಯುವುದಿಲ್ಲ. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಮೆಲಮಿನ್ ಹಾಕಿ ಪ್ರೋಟೀನ್ ಜಾಸ್ತಿ ಇರುವಂತೆ ತೋರಿಸಿದ್ದು ಇದೇ ಸಂದಿಯಲ್ಲಿ. ಪ್ಲಾಸ್ಟಿಕ್ ತಯಾರಿಕೆಗೆ ಬಳಸುವ ಮೆಲಮಿನ್‌ನಲ್ಲಿ ಶೇ. 66ರಷ್ಟು ಸಾರಜನಕ ಇದೆ. ಆ ಹಾಲಿನ ಪುಡಿ ಕುಡಿದ ಮಕ್ಕಳ ಮೂತ್ರಪಿಂಡಗಳಲ್ಲಿ ಕಲ್ಲುಗಳಾದವು. ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು, 6 ಕಂದಮ್ಮಗಳು ತೀರಿಕೊಂಡವು. ಆಮೇಲೆ ಶಿಶು ಆಹಾರದಲ್ಲಿ ಮೆಲಮಿನ್‌ಗೆ ಅಂತರರಾಷ್ಟ್ರೀಯ ಮಿತಿ ಬಂತು, ಅದನ್ನು ಬೇರೆಯಾಗಿಯೇ ಪರೀಕ್ಷಿಸುವುದೂ ಶುರುವಾಯಿತು.

ಅಂಕಿ ಸರಿಯಾಗಿದ್ದರೂ ಓದುವಾಗ ಎಚ್ಚರ ಬೇಕು. ಅದು 100 ಗ್ರಾಂಗೋ, ಒಂದು ಸಲ ಬಡಿಸುವಷ್ಟಕ್ಕೋ ನೋಡಿ. ಒಣ ಬೇಳೆಯಲ್ಲಿ 100 ಗ್ರಾಂಗೆ ಸುಮಾರು 24 ಗ್ರಾಂ ಪ್ರೋಟೀನ್ ಇದ್ದರೆ, ಬೇಯಿಸಿದ 100 ಗ್ರಾಂನಲ್ಲಿ ಸುಮಾರು 9 ಗ್ರಾಂ. ಪ್ರೋಟೀನ್ ಎಲ್ಲೂ ಹೋಗಿಲ್ಲ, ಬೇಳೆ ನೀರು ಕುಡಿದಿದೆ.

ಯಾರಿಗೆ ಎಷ್ಟು

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಜೊತೆಯ ಸಂಸ್ಥೆಗಳ 2007ರ ವರದಿ ವಯಸ್ಕರಿಗೆ ಹೇಳುವುದು, ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ. 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ ಆಯಿತು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ, ಅಂದರೆ 200 ಮಿಲಿಲೀಟರ್ ಹಾಲಿನಲ್ಲಿ 6ರಿಂದ 7 ಗ್ರಾಂ ಸಿಗುತ್ತದೆ.

ಬೆಳೆಯುವ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಜಾಸ್ತಿ ಬೇಕು. ವಯಸ್ಸಾದವರ ಸ್ನಾಯು ತಿಂದ ಪ್ರೋಟೀನನ್ನು ಮೊದಲಿನಷ್ಟು ಚೆನ್ನಾಗಿ ಬಳಸಿಕೊಳ್ಳುವುದಿಲ್ಲ. ಅದಕ್ಕೇ ಅವರಿಗೆ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಬೇಕೆಂದು ಹಲವು ತಜ್ಞರು ಹೇಳುತ್ತಾರೆ. ಹಲ್ಲು ಸರಿಯಿಲ್ಲ, ಹಸಿವಿಲ್ಲ ಎಂದು ಗಂಜಿಯಲ್ಲೇ ದಿನ ಕಳೆಯುವ ಹಿರಿಯರ ಬಗ್ಗೆ ಮನೆಯವರು ಗಮನ ಕೊಡಬೇಕಾದದ್ದು ಇಲ್ಲಿ. ಕಠಿಣ ತರಬೇತಿ ಮಾಡುವವರಿಗೆ 1.2ರಿಂದ 2 ಗ್ರಾಂವರೆಗೆ ಸಲಹೆ ಇದೆ. ಆದರೆ ಸ್ನಾಯು ಬೆಳೆಯಲು ಅದಕ್ಕೆ ಕೆಲಸ ಕೊಡಬೇಕು. ಕೂತಲ್ಲೇ ಕೂತು ಪುಡಿ ಕುಡಿದರೆ ಅದು ಬರೀ ಕ್ಯಾಲೊರಿ, ಗ್ರಾಂಗೆ 4.

ಮೂತ್ರಪಿಂಡದ ಕಾಯಿಲೆ ಇರುವವರು ಈ ಅಂಕಿಗಳನ್ನು ತಮಗೆ ಅನ್ವಯಿಸಿಕೊಳ್ಳಬಾರದು. ಯೂರಿಯಾ ಹೊರಹಾಕುವ ಕೆಲಸ ಮೂತ್ರಪಿಂಡದ್ದೇ ಆದ್ದರಿಂದ ಅವರಿಗೆ ಪ್ರೋಟೀನ್ ಕಡಿಮೆ ಮಾಡಲು ಡಾಕ್ಟರು ಹೇಳುವುದುಂಟು. ಡಯಾಲಿಸಿಸ್ ಶುರುವಾದ ಮೇಲೆ ಸಲಹೆ ಬದಲಾಗುತ್ತದೆ. ಡಯಾಲಿಸಿಸ್‌ನಲ್ಲಿ ಅಮೈನೋ ಆಮ್ಲಗಳೂ ಸೋರಿ ಹೋಗುತ್ತವೆ, ಹಾಗಾಗಿ ಆಗ ಪ್ರೋಟೀನ್ ಹೆಚ್ಚಿಸಬೇಕಾಗುತ್ತದೆ. ಮೊದಲು ಹೇಳಿದ ಪಥ್ಯವನ್ನೇ ಮುಂದುವರಿಸಿ ಸೊರಗುವ ಬದಲು, ಡಯಾಲಿಸಿಸ್ ಶುರುವಾದ ದಿನವೇ ಊಟದ ಪಟ್ಟಿಯನ್ನು ಡಾಕ್ಟರ ಹತ್ತಿರ ಮತ್ತೆ ಬರೆಸಿಕೊಳ್ಳಿ.